ಚಿಕಿತ್ಸಾಪ್ರತಿಸ್ಪಂದನಾತೀತ

ನಗರಸಭೆಯ ಕಚೇರಿಯಲ್ಲಿ ಪತ್ರ, ಪ್ರಕಟಣೆ, ಸುತ್ತೋಲೆಗಳ ಕರಡು ಬರೆಯುತ್ತಿದ್ದ ಗುಮಾಸ್ತನಿಗೆ ಜೊತೆಯವರು ಇಟ್ಟ ಹೆಸರು ರೈಲಪ್ಪ. ಅವನ ಬಾಯಿಂದ ಒಂದು ಪದ ಹೊರಟಿತೆಂದರೆ ಇಂಜಿನ್ನು ನಿಲ್ದಾಣ ದಾಟಿ ಎಷ್ಟು ಹೊತ್ತಾದರೂ ಗಾರ್ಡಿನ ಡಬ್ಬಿ ಬಂದಿರುವುದಿಲ್ಲ ಎಂದು ಟೈಪಿಂಗ್ ವಿಭಾಗದ ಹೆಂಗಸೊಬ್ಬಳು ಅಂದದ್ದೇ ನೆಪ, ಹೆಸರು ಗೋಂದು ಹಚ್ಚಿದ ಹಾಗೆ ಅಂಟಿಕೊಂಡಿತು. ರೈಲಪ್ಪನಿಗೆ ಬೇಸರವೇನೂ ಆಗಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡ. ನಲ್ಲಿ ಕೆಟ್ಟಿದೆ ಎಂಬುದನ್ನು ‘ಜಲನಿರ್ಗಮನಸಾಧನದ ಕಾರ್ಯವೈಫಲ್ಯ’ ಎಂದು ಬರೆಯಬಲ್ಲವರು ಆ ಮೂರು ಮಹಡಿಯಲ್ಲಿ ಇನ್ಯಾರಿದ್ದರು?

ಮದುವೆಯಾಗಿರಲಿಲ್ಲ. ಪ್ರಾಯದಲ್ಲಿ ಒಬ್ಬಳಿಗೆ ಪ್ರೇಮಪತ್ರ ಬರೆದಿದ್ದನಂತೆ. ಅವಳು ಅದನ್ನು ವಿಳಾಸ ತಪ್ಪಿ ಬಂದ ಸರ್ಕಾರಿ ಕಾಗದವೆಂದು ತಿಳಿದು ಅಂಚೆಯವನಿಗೆ ವಾಪಸ್ಸು ಕೊಟ್ಟಳಂತೆ. ಈ ಕಥೆಯನ್ನು ಅವನ ಅಕ್ಕನೇ ಹೇಳಿಕೊಂಡು ನಗುತ್ತಿದ್ದಳು, ಅದೂ ಹೆಮ್ಮೆಯಿಂದ.

ಅವನಿಗೆ ತಾಯಿ ತಂದೆ ಎಲ್ಲ ಆ ಅಕ್ಕನೇ. ಹೆತ್ತವರು ಹೋದಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೇಳು. ಕಂಡವರ ಲಂಗ, ಅಂಗಿ ಹೊಲಿದು ತಮ್ಮನನ್ನು ಪಟ್ಟಣದ ದೊಡ್ಡ ಶಾಲೆಗೆ ಕಳಿಸಿದಳು. ಅಲ್ಲಿ ಮೊದಲ ದಿನವೇ ಮೇಷ್ಟರು ಏನೋ ಕೇಳಿ, ಇವನು ಮನೆಯಲ್ಲಿ ಆಡುವ ಹಾಗೆ ಏನೋ ಹೇಳಿ, ಇಡೀ ತರಗತಿ ಘೊಳ್ಳೆಂದು ನಕ್ಕಿತ್ತು. ಆವತ್ತಿನಿಂದ ಅವನು ಗ್ರಂಥಾಲಯದ ನಿಘಂಟನ್ನು ಹಿಡಿದವನು ಬಿಟ್ಟಿರಲಿಲ್ಲ. ಚಿಕ್ಕ ಮಾತು ಆಡಿದರೆ ಒಳಗಿನ ಚಿಕ್ಕ ಹುಡುಗ ಕಾಣಿಸಿಕೊಂಡುಬಿಡುತ್ತಾನೆ ಎಂಬ ದಿಗಿಲು ಅವನಿಗೆ. ಈಗ ವಯಸ್ಸು ನಲವತ್ತೆಂಟಾದರೂ ದಿಗಿಲು ಹೋಗಿರಲಿಲ್ಲ, ಅಭ್ಯಾಸವಂತೂ ಮೈಗೆ ಹತ್ತಿಬಿಟ್ಟಿತ್ತು.

ಅಕ್ಕನ ಗಂಡ ಇಪ್ಪತ್ತೆಂಟು ವರ್ಷ ಒಂದೇ ದಾರಿಯಲ್ಲಿ ಸಿಟಿ ಬಸ್ಸು ಓಡಿಸಿದವರು. ಮಾತು ತೀರ ಕಡಿಮೆ. ರೈಲಪ್ಪ ಅರ್ಧ ಗಂಟೆ ಕೊರೆದರೂ “ಹೂಂ” ಎಂದು ಕೇಳಿ, ಕೊನೆಗೆ “ಟೀ ಕುಡೀತೀಯಾ?” ಅನ್ನುತ್ತಿದ್ದರು. ಆ ಭಾವನಿಗೆ ಮೂರು ತಿಂಗಳಿಂದ ಹೊಟ್ಟೆನೋವು. ಮೈ ಇಳಿದು, ಕಣ್ಣು ಹಳದಿಯಾಗಿ, ಕಡೆಗೆ ಆಸ್ಪತ್ರೆಗೆ ಸೇರಿಸಿ ಹತ್ತು ದಿನವಾಗಿತ್ತು.

ಸೋಮವಾರ ಮಧ್ಯಾಹ್ನ ಡಾಕ್ಟರಮ್ಮ ರೈಲಪ್ಪನನ್ನು ತಮ್ಮ ಕೋಣೆಗೆ ಕರೆದರು. ಇನ್ನೂ ಮೂವತ್ತು ದಾಟಿರದ ಹುಡುಗಿ. ಎದುರಿಗಿದ್ದ ಫೈಲನ್ನು ಮುಚ್ಚಿಟ್ಟು, ನೇರವಾಗಿ ಅವನ ಮುಖ ನೋಡಿ ಹೇಳಿದರು.

“ಕ್ಯಾನ್ಸರ್. ಹೊಟ್ಟೆ ಪೂರ್ತಿ ಹರಡಿದೆ. ಆಪರೇಷನ್ ಮಾಡಕ್ಕಾಗಲ್ಲ. ಎರಡು ವಾರ ಇರ್ತಾರೆ. ಜಾಸ್ತಿ ಅಂದ್ರೆ ಮೂರು.”

ರೈಲಪ್ಪ ಮುಂದಿನ ಮಾತಿಗಾಗಿ ಕಾದ. ಮುಂದೆ ಏನೂ ಬರಲಿಲ್ಲ. ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಒಬ್ಬ ಮನುಷ್ಯ ಸಾಯುವ ಸಂಗತಿ ಇಷ್ಟು ಪುಟ್ಟ ಮಾತಿನಲ್ಲಿ ಹಿಡಿಸುತ್ತದೆಯೇ? ಮೊಳೆ ಹೊಡೆದ ಹಾಗೆ ಟಕ ಟಕ ಟಕ ಅಂತ ಮುಗಿಸಿಬಿಡುವುದೇ? ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡು, ಅದು ಅವರದೆಂದು ನೆನಪಾಗಿ ಮತ್ತೆ ಅಲ್ಲಿಯೇ ಇಟ್ಟ.

“ಮನೆಗೆ ಕರ್ಕೊಂಡು ಹೋಗಿ. ನೋವಾಗದ ಹಾಗೆ ಔಷಧಿ ಕೊಡ್ತೀವಿ,” ಎಂದರು ಡಾಕ್ಟರಮ್ಮ. “ಅವರ ಹೆಂಡತಿಗೆ ನಾನೇ ಹೇಳ್ಲಾ?”

“ಬೇಡ, ಬೇಡ,” ಎಂದ ರೈಲಪ್ಪ. ಈ ಹುಡುಗಿಯ ಕೈಗೆ ಅಕ್ಕನನ್ನು ಕೊಡುವುದುಂಟೇ? “ನಾನೇ ತಿಳಿಸುತ್ತೇನೆ. ಸಂವಹನ ನನ್ನ ವೃತ್ತಿಯೇ.”

ಅಕ್ಕ ಹೊರಗೆ ಬೆಂಚಿನ ಮೇಲೆ ಟೀ ಫ್ಲಾಸ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಇವನನ್ನು ಕಂಡು ಎದ್ದು ನಿಂತಳು. ‘ಸಾವು’ ಎಂಬ ಪದ ನಾಲಿಗೆಯ ತುದಿಗೆ ಬಂದು, ಬಿಸಿ ಕೆಂಡ ತಾಗಿದ ಹಾಗೆ ನಾಲಿಗೆ ಹಿಂದಕ್ಕೆ ಎಳೆದುಕೊಂಡಿತು. ಆಗ ಅವನ ನೆರವಿಗೆ ಬಂದದ್ದು ಮೂವತ್ತು ವರ್ಷದ ಅಭ್ಯಾಸ.

“ಅಕ್ಕ, ಭಾವನ ಶಾರೀರಿಕ ಸ್ಥಿತಿ ಈಗ ಚಿಕಿತ್ಸಾಪ್ರತಿಸ್ಪಂದನಾತೀತ ಹಂತಕ್ಕೆ ಬಂದಿದೆ. ಇನ್ನು ಮುಂದೆ ಉಪಶಮನಕೇಂದ್ರಿತ ಆರೈಕೆಗೆ ಆದ್ಯತೆ ಅಂತ ವೈದ್ಯರ ಅಭಿಪ್ರಾಯ. ಗೃಹಾಧಾರಿತ ವ್ಯವಸ್ಥೆಯೇ ಸೂಕ್ತ ಅಂದಿದ್ದಾರೆ.”

ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. “ಅಂದ್ರೆ, ಮನೆಗೆ ಕರ್ಕೊಂಡು ಹೋಗ್ಬಹುದಾ?”

“ಹೂಂ. ಹೋಗಬಹುದು.”

ಅವಳು ಮುಖ ಮುಚ್ಚಿಕೊಂಡು ಅತ್ತಳು. ಭುಜ ಕುಲುಕುತ್ತಿತ್ತು. ರೈಲಪ್ಪ ಅವಳ ಬೆನ್ನು ಸವರಿದ. ಅವಳು ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವನ ಕಣ್ಣೂ ತುಂಬಿತು. ಆದರೂ ಒಳಗೊಳಗೆ ಒಂದು ಭಾರ ಇಳಿದಿತ್ತು. ಎಷ್ಟು ನಯವಾಗಿ ಹೇಳಿದೆ, ಎಷ್ಟು ಗಂಭೀರವಾಗಿ ತೆಗೆದುಕೊಂಡಳು ಅಂದುಕೊಂಡು ಕಚೇರಿಗೆ ಹೋದ. ಮಂಗಳವಾರ, ಬುಧವಾರ ಯಾವುದೋ ಸುತ್ತೋಲೆಯ ನೆಪ ಹೇಳಿ ಅತ್ತ ತಲೆ ಹಾಕಲಿಲ್ಲ. ಅಕ್ಕನ ದುಃಖ ನೋಡಲು ಅವನಿಗೆ ಧೈರ್ಯ ಸಾಲದು.

ಗುರುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದ. ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಘಮ್ಮೆಂದು ಬಣ್ಣದ ವಾಸನೆ. ಅಕ್ಕ ಸ್ಟೂಲಿನ ಮೇಲೆ ನಿಂತು, ತಲೆಗೆ ಹಳೆಯ ಬಟ್ಟೆ ಕಟ್ಟಿಕೊಂಡು, ಏನೋ ಗುನುಗುತ್ತ ಗೋಡೆಗೆ ಹಳದಿ ಬಣ್ಣ ಬಳಿಯುತ್ತಿದ್ದಳು. ಅವಳು ಗುನುಗಿದ್ದನ್ನು ಅವನು ಕೇಳಿ ಎಷ್ಟು ವರ್ಷವಾಗಿತ್ತೋ!

“ಅಗೋ, ಬಂದ ದೊರೆ! ಎರಡು ದಿನ ಎಲ್ಲಿ ಸತ್ತಿದ್ದೆ? ನೋಡು, ಹಳದಿ ಚೆನ್ನಾಗಿದೆಯಾ? ಜಾಸ್ತಿ ಆಯ್ತಾ?”

ರೈಲಪ್ಪ ಹೊಸ್ತಿಲಲ್ಲಿಯೇ ನಿಂತ. ದುಃಖದಲ್ಲಿ ತಲೆ ಕೆಟ್ಟಿತೇ ಇವಳಿಗೆ?

“ಮಂಚ ಕಿಟಕಿ ಹತ್ರ ಎಳೆದಿದೀನಿ. ಬಸ್ಸು ಹೋಗೋದು ಕಾಣುತ್ತೆ, ಅವರಿಗೆ ಹೊತ್ತು ಹೋಗುತ್ತೆ. ನಾಳೆ ಕರ್ಕೊಂಡು ಬರ್ತೀನಿ. ಡಿಪೋದವರಿಗೂ ಹೇಳಿದೆ, ಇನ್ನು ಆರು ತಿಂಗಳಲ್ಲಿ ಸ್ಟೇರಿಂಗ್ ಹಿಡೀತಾರೆ ಅಂತ. ಎಷ್ಟು ಖುಷಿ ಪಟ್ರು ಗೊತ್ತಾ!”

ಅವಳು ಬ್ರಷ್ಷಿನ ಹಿಡಿಕೆಯಿಂದ ಹೊಲಿಗೆ ಯಂತ್ರದ ಕಡೆ ತೋರಿಸಿದಳು. ಯಂತ್ರದ ಮೇಲೆ ಅರ್ಧ ಹೊಲಿದ ಖಾಕಿ ಅಂಗಿಯೊಂದು ಇತ್ತು.

“ಹಳೇದೆಲ್ಲ ದೊಗಳೆ ಆಗಿದೆ, ಪಾಪ. ಅದಕ್ಕೇ ಈಗಿನ ಅಳತೆಗೆ ಒಂದು ಹೊಲೀತಿದೀನಿ. ಮೈ ತುಂಬ್ಕೊಂಡ ಮೇಲೆ ಬಿಚ್ಚಿ ಅಗಲ ಮಾಡಕ್ಕೆ ಬಗಲಲ್ಲಿ ಎರಡೆರಡು ಇಂಚು ಬಟ್ಟೆ ಬಿಟ್ಟಿದೀನಿ. ಹೇಗೆ ನನ್ನ ಬುದ್ಧಿ?”

ರೈಲಪ್ಪ ಆ ಅಂಗಿಯ ಕಡೆ ನೋಡಿದ. ಬಗಲಿನ ಎರಡಿಂಚು ಬಟ್ಟೆ ಅಚ್ಚುಕಟ್ಟಾಗಿ ಮಡಿಚಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಂಗೈಗೆ ಹಸಿ ಬಣ್ಣ ಮೆತ್ತಿತು.

“ಅಯ್ಯೋ, ಮುಟ್ಟಬೇಡ್ವೋ! ಬಣ್ಣ ಆರಿಲ್ಲ.”

“ಅಕ್ಕ... ಮಗಳು? ಮಗಳು ಯಾವಾಗ ಬರ್ತಾಳೆ?” ಅಕ್ಕನ ಒಬ್ಬಳೇ ಮಗಳು ದೂರದ ಬಂದರಿನ ಊರಿನಲ್ಲಿ ಹಡಗು ರಿಪೇರಿ ಕೆಲಸ ಕಲಿಯುತ್ತಿದ್ದಳು.

“ನಾಳೆ ಹೊರಡ್ತಿದ್ಲು. ಬೇಡ ಅಂದೆ. ನಿಮ್ಮ ಮಾವ ಡಾಕ್ಟರ ಹತ್ರ ಮಾತಾಡಿದಾನೆ, ಅಪ್ಪನಿಗೆ ಗುಣ ಆಗ್ತಿದೆ, ಪರೀಕ್ಷೆ ಮುಗಿಸ್ಕೊಂಡೇ ಬಾ ಅಂದೆ. ಇನ್ನೊಂದು ತಿಂಗಳು ತಾನೇ? ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ಲು.”

ಒಂದು ತಿಂಗಳು! ಡಾಕ್ಟರಮ್ಮನ ದನಿ ಅವನ ಕಿವಿಯಲ್ಲಿ ಮತ್ತೆ ಟಕ ಟಕ ಎಂದಿತು.

“ಅಕ್ಕ, ಕೆಳಗಿಳಿ. ಒಂದು... ವಾಸ್ತವಿಕವಾಗಿ ಹೇಳಬೇಕೆಂದರೆ, ನನ್ನ ಪೂರ್ವಸೂಚಿತ ವಿವರಣೆಯ ಅರ್ಥಗ್ರಹಣದಲ್ಲಿ...”

“ಇರು ಇರು, ಆ ಡಬ್ಬ ಕೊಡು. ಮೂಲೆ ಒಂದು ಬಿಟ್ಟುಹೋಗಿದೆ.”

ಅವನು ಡಬ್ಬ ಕೊಟ್ಟ. ಕೊಟ್ಟಮೇಲೆ ತಾನು ಡಬ್ಬ ಕೊಟ್ಟೆನಲ್ಲಾ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಮತ್ತೆ ಬಾಯಿ ತೆರೆದ. ‘ಅನಿವಾರ್ಯ’ ಬಂತು, ‘ಪರಿಣಾಮ’ ಬಂತು, ‘ಸಂಭವನೀಯತೆ’ ಬಂತು. ಬಾಗಿಲಲ್ಲಿ ನೂಕುನುಗ್ಗಲು ಮಾಡಿಕೊಂಡು ಬಂದವೇ ಹೊರತು ಒಂದಕ್ಕೂ ಅಕ್ಕನ ಕೈಯಲ್ಲಿದ್ದ ಬ್ರಷ್ಷು ನಿಲ್ಲಿಸುವ ಶಕ್ತಿ ಇರಲಿಲ್ಲ. ಅವಳು ಅವುಗಳ ನಡುವೆಯೇ “ಹೂಂ, ಹೂಂ” ಅನ್ನುತ್ತ ಮೂಲೆಗೆ ಬಣ್ಣ ಬಳಿದಳು.

“ಭಾವ ಬದುಕಲ್ಲ, ಅಕ್ಕ.”

ಅದನ್ನು ಯಾರು ಹೇಳಿದರು ಎಂದು ಅವನಿಗೇ ಗೊತ್ತಾಗಲಿಲ್ಲ. ಒಂಬತ್ತು ವರ್ಷದ ಹುಡುಗನ ದನಿಯ ಹಾಗಿತ್ತು.

ಬ್ರಷ್ಷು ಗೋಡೆಯ ಮೇಲೇ ನಿಂತಿತು. ಅದರಿಂದ ಬಣ್ಣ ಒಂದು ಗೆರೆಯಾಗಿ ಕೆಳಕ್ಕೆ ಇಳಿಯಿತು. ಅಕ್ಕ ತಿರುಗಲಿಲ್ಲ.

“ಏನಂದೆ?”

“ಎರಡು ವಾರ ಅಂದ್ರು. ಜಾಸ್ತಿ ಅಂದ್ರೆ ಮೂರು.”

“ಯಾವಾಗ ಅಂದ್ರು?”

“ಸೋಮವಾರ.”

ಅವಳು ಸ್ಟೂಲಿನಿಂದ ಇಳಿದಳು. ಒಂದೊಂದೇ ಕಾಲು ಕೆಳಗಿಟ್ಟು, ಬಹಳ ಜಾಗ್ರತೆಯಿಂದ ಇಳಿದಳು. ಬ್ರಷ್ಷನ್ನು ಡಬ್ಬದ ಬಾಯಿಗೆ ಅಡ್ಡವಾಗಿ ಇಟ್ಟಳು. ಅವನು ಕಿರುಚಾಟ ಬರಬಹುದೆಂದು ಕಾದ. ಬರಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ, ಹಳದಿ ಚುಕ್ಕೆಗಳು ಮಾತ್ರ ಇದ್ದವು.

“ಸೋಮವಾರ ನೀನು ಇದನ್ನೇ ನನಗೆ ಹೇಳಿದ್ದಾ?”

“ಹೂಂ.”

“ನಾನು ಅತ್ತೆನಲ್ಲ. ಯಾಕೆ ಅತ್ತೆ ಅಂದ್ಕೊಂಡೆ?”

ಅವನು ಅಂಗೈಗೆ ಮೆತ್ತಿದ ಬಣ್ಣವನ್ನು ಉಜ್ಜತೊಡಗಿದ.

“ಪ್ರತಿ ಏನೋ ಅಂದ್ಯಲ್ಲ, ಸ್ಪಂದನೆ ಅಂತ. ಔಷಧಿಗೆ ಸ್ಪಂದಿಸ್ತಿದಾರೆ ಅಂತ ಟೀವಿಯಲ್ಲೆಲ್ಲ ಹೇಳ್ತಾರಲ್ಲ, ಹಾಗೆ ಅಂದ್ಕೊಂಡೆ. ಉಪಶಮನ ಅಂದೆ. ಮನೆಗೆ ಹೋಗ್ಬಹುದು ಅಂದೆ. ಇನ್ನೇನು ಅಂದ್ಕೊಳ್ಳಲಿ ನಾನು? ಸಂತೋಷಕ್ಕೆ ಅತ್ತೆ ಕಣೋ!”

“ಅಕ್ಕ, ಅರ್ಥ ಆಗಿಲ್ಲ ಅಂತ ಆಗಲೇ ಕೇಳಬಹುದಿತ್ತಲ್ಲ...” ಎಂದುಬಿಟ್ಟ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

ಅಕ್ಕ ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. “ನೀನು ಮಾತಾಡೋದು ನನಗೆ ಯಾವತ್ತು ಅರ್ಥ ಆಗಿತ್ತು? ನೀನು ಕಾಲೇಜಿಗೆ ಹೋದಾಗಿಂದ ನಿನ್ನ ಒಂದು ಮಾತೂ ನನಗೆ ನೆಟ್ಟಗೆ ಅರ್ಥ ಆಗಿಲ್ಲ. ನಾನು ಸಾಕಿದ ಹುಡುಗ ಇಷ್ಟು ದೊಡ್ಡದಾಗಿ ಮಾತಾಡ್ತಾನಲ್ಲಾ ಅಂತ ಹೆಮ್ಮೆ ಪಡ್ತಿದ್ದೆ, ಅಷ್ಟೇ. ಸುಮ್ನೆ ಹೂಂ ಅಂತಿದ್ದೆ.”

ಡಾಕ್ಟರಮ್ಮನ ಮಾತಿಗಿಂತ ಇದು ಜೋರಾಗಿ ಬಿತ್ತು. ಮೂವತ್ತು ವರ್ಷ! ಪ್ರತಿ ಭಾನುವಾರ ಇದೇ ಮನೆಯಲ್ಲಿ ಕೂತು ಅವನು ತನ್ನ ಕಷ್ಟ ಸುಖ, ಕಚೇರಿಯ ರಾಜಕೀಯ, ಒಂಟಿತನ ಎಲ್ಲವನ್ನೂ ಇವಳ ಮುಂದೆ ತೋಡಿಕೊಂಡಿದ್ದ. ಜಗತ್ತಿನಲ್ಲಿ ತನ್ನನ್ನು ಬಲ್ಲವಳು ಇವಳೊಬ್ಬಳೇ ಎಂದು ನಂಬಿದ್ದ.

“ಫೋನ್ ಮಾಡು ಅವಳಿಗೆ,” ಎಂದಳು ಅಕ್ಕ. “ನನ್ನ ಕೈಲಿ ಆಗಲ್ಲ. ನೀನೇ ಮಾಡು, ನನ್ನ ಕಣ್ಣೆದುರಿಗೆ.”

ಅವನು ನಂಬರು ಒತ್ತಿದ. ಆ ಕಡೆ ಸುತ್ತಿಗೆಯ ಸದ್ದು, ಯಾರದೋ ಕೂಗು, ನಡುವೆ ಹುಡುಗಿಯ ದನಿ. “ಹೇಳಿ ಮಾವ!”

“ಅಪ್ಪ ಸಾಯ್ತಿದಾರೆ, ಮಗಳೇ. ಇವತ್ತೇ ಹೊರಡು.”

ಸುತ್ತಿಗೆಯ ಸದ್ದು ದೂರವಾಯಿತು. ಆಮೇಲೆ, “ಹಲೋ? ಯಾರು ಮಾತಾಡ್ತಿರೋದು? ನಮ್ಮ ಮಾವನ ಫೋನು ನಿಮ್ಮ ಹತ್ರ ಹೇಗೆ ಬಂತು?”

“ನಾನೇ ಕಣಮ್ಮ. ನಿನ್ನ ಮಾವ.”

“ಸುಳ್ಳು. ನಮ್ಮ ಮಾವ ಹೀಗೆ ಮಾತಾಡಲ್ಲ. ಅಮ್ಮನಿಗೆ ಕೊಡಿ ಫೋನು. ಅಮ್ಮನಿಗೆ ಕೊಡಿ!”

ಅಕ್ಕ ಫೋನು ತೆಗೆದುಕೊಂಡಳು. “ಅವನೇ,” ಎಂದಳು. ಫೋನನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಅರ್ಧ ಗಂಟೆಯಲ್ಲಿ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಅಕ್ಕ ಬಟ್ಟೆ ಬದಲಿಸಿರಲಿಲ್ಲ. ತಲೆಯ ಬಟ್ಟೆ, ಮೊಣಕೈವರೆಗೆ ಹಳದಿ ಬಣ್ಣ, ಹಾಗೆಯೇ ವಾರ್ಡಿನ ಉದ್ದಕ್ಕೂ ನಡೆದು ಗಂಡನ ಮಂಚದ ಸುತ್ತ ಪರದೆ ಎಳೆದುಕೊಂಡಳು. ರೈಲಪ್ಪ ಹೊರಗೆ ನಿಂತ. ಒಳಗಿನಿಂದ ಪಿಸುಮಾತು, ಬಿಕ್ಕು, ಒಂದು ಸಲ ಭಾವ ನಕ್ಕ ಹಾಗೆ ಕೆಮ್ಮು. ನಗುವುದೇ?

ಬಹಳ ಹೊತ್ತಿನ ಮೇಲೆ ಅಕ್ಕ ಹೊರಗೆ ಬಂದು, ಅವನ ಮುಖ ನೋಡದೆ, “ನಿನ್ನ ಕರೀತಿದಾರೆ,” ಎಂದು ನಲ್ಲಿಯ ಕಡೆ ಹೋದಳು.

ಭಾವ ದಿಂಬಿಗೆ ಒರಗಿದ್ದರು. ಮುಖದಲ್ಲಿ ಕಣ್ಣು, ಮೂಗು ಬಿಟ್ಟರೆ ಏನೂ ಉಳಿದಿರಲಿಲ್ಲ.

“ಕೂತ್ಕೋ. ನನಗೆ ಗೊತ್ತಿತ್ತು ಕಣೋ. ಭಾನುವಾರನೇ ಆ ಡಾಕ್ಟರ್ ಹುಡುಗಿನ ಕೇಳಿದೆ. ಹೇಳಿದ್ಲು.”

ರೈಲಪ್ಪನಿಗೆ ಕೂರಲಾಗಲಿಲ್ಲ. “ಗೊತ್ತಿತ್ತಾ? ಮತ್ತೆ ಅಕ್ಕನಿಗೆ...”

“ನೀನು ಹೇಳಿದೀಯ ಅಂದ್ಕೊಂಡೆ. ಸೋಮವಾರ ಅತ್ತ ಕಣ್ಣಲ್ಲೇ ಬಂದ್ಲು. ಮನೆಗೆ ಹೋಗೋಣ, ಕಿಟಕಿ ಹತ್ರ ಮಂಚ ಹಾಕ್ತೀನಿ, ಬಣ್ಣ ಹೊಡೀತೀನಿ ಅಂದ್ಲು. ಮೂರು ದಿನ ನಗ್ತಾ ನಗ್ತಾ ಬಂದು ಹೋದ್ಲು. ಎಲ್ಲ ಗೊತ್ತಿದ್ದೂ ಹೇಗೆ ನಗ್ತಾಳಪ್ಪಾ, ಎಂಥಾ ಗಟ್ಟಿ ಹೆಂಗಸು ಅಂತ ನಾನು ಬೆರಗಾಗಿ ನೋಡ್ತಿದ್ದೆ.” ಉಸಿರು ತೆಗೆದುಕೊಂಡರು. “ಅವಳ ಧೈರ್ಯ ಕೆಡಬಾರದು ಅಂತ ನಾನೂ ಬಾಯಿ ಬಿಡ್ಲಿಲ್ಲ. ನೋಡು, ಎಂಥಾ ಕೆಲ್ಸ ಆಯ್ತು.”

ರೈಲಪ್ಪನ ಬಾಯಿಂದ ಮಾತೇ ಬರಲಿಲ್ಲ. ಉದ್ದದ್ದೂ ಇಲ್ಲ, ಗಿಡ್ಡದ್ದೂ ಇಲ್ಲ.

“ಬೈತಾಳೆ,” ಎಂದರು ಭಾವ ಕಣ್ಣು ಮುಚ್ಚುತ್ತ. “ಬೈಸ್ಕೋ.”

ಆದರೆ ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಶುಕ್ರವಾರ ಭಾವನನ್ನು ಮನೆಗೆ ತಂದರು. ಮೂರು ಗೋಡೆ ಹಳದಿ, ಒಂದು ಗೋಡೆ ಹಳೆಯದು. ಅದನ್ನು ಮುಗಿಸುವ ಮನಸ್ಸು ಯಾರಿಗೂ ಇರಲಿಲ್ಲ. ಶನಿವಾರ ಮಗಳು ಬಂದಳು. ಎರಡು ರೈಲು, ಒಂದು ಬಸ್ಸು ಹಿಡಿದು, ಕೆಲಸದ ಬೂಟಿನಲ್ಲೇ ಬಂದು ಅಪ್ಪನ ಕಾಲ ಬಳಿ ಕೂತಳು. ದಿನಾ ಬೆಳಿಗ್ಗೆ ಅಪ್ಪ ಮಗಳು ಕಿಟಕಿಯಿಂದ ಬಸ್ಸು ಎಣಿಸುತ್ತಿದ್ದರು. ತಡವಾಗಿ ಬಂದ ಬಸ್ಸಿನ ಡ್ರೈವರನನ್ನು ಭಾವ ಬಾಯಿತುಂಬ ಬೈಯುತ್ತಿದ್ದರು. ಬೈದು ಸುಸ್ತಾಗಿ ಮಲಗುತ್ತಿದ್ದರು. ರೈಲಪ್ಪ ಔಷಧಿ ತಂದ, ನೀರು ಕಾಯಿಸಿದ, ಬಂದವರಿಗೆ ಕುರ್ಚಿ ಹಾಕಿದ. ಹಾಗೆ ಹತ್ತು ದಿನ ಇದ್ದು, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಭಾವ ಹೋದರು. ಖಾಕಿ ಅಂಗಿಯನ್ನು ಅಕ್ಕ ಅಷ್ಟರಲ್ಲಿ ಹೊಲಿದು ಮುಗಿಸಿದ್ದಳು. ಅದನ್ನೇ ತೊಡಿಸಿದರು.

ಎಲ್ಲ ಮುಗಿದು, ಬಂದವರು ಹೋದಮೇಲೆ ಅಕ್ಕ ಅವನ ಹತ್ತಿರ ಬಂದು ನಿಂತಳು.

“ಹದಿಮೂರು ದಿನ ಸಿಕ್ಕಿತ್ತು ನನಗೆ. ಅದರಲ್ಲಿ ಮೂರು ದಿನ ಗೋಡೆಗೆ ಕೊಟ್ಟೆ.”

ಅಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ಮಾತು ನಿಂತಿತು. ಭಾನುವಾರ ಇವನು ಹೋದರೆ ಬಾಗಿಲು ತೆಗೆಯುತ್ತಿದ್ದಳು, ಟೀ ಕೊಡುತ್ತಿದ್ದಳು, ಹೊಲಿಗೆ ಯಂತ್ರ ತುಳಿಯುತ್ತ ಕೂರುತ್ತಿದ್ದಳು. ಇವನೂ ತುಟಿ ಬಿಚ್ಚುತ್ತಿರಲಿಲ್ಲ. ಏನಾದರೂ ಹೇಳೋಣವೆಂದರೆ ಮೊದಲ ಪದಕ್ಕೇ ಹೆದರಿಕೆ. ಕಚೇರಿಯಲ್ಲಿ ಮಾತ್ರ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯುತ್ತಿತ್ತು. ಮೇಲಿನವರು ಕರಡು ಕೇಳುತ್ತಿದ್ದರು, ಇವನು ಬರೆಯುತ್ತಿದ್ದ, ಅವರು ಓದದೆ ಸಹಿ ಹಾಕುತ್ತಿದ್ದರು.

ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ರೈಲಪ್ಪ ತಲೆಯೆತ್ತಿದರೆ ಮೇಜಿನ ಮುಂದೆ ಅಕ್ಕ! ಅವಳು ಆ ಕಚೇರಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅವನು ಗಾಬರಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಟೈಪಿಂಗ್ ವಿಭಾಗದವರೆಲ್ಲ ತಿರುಗಿ ನೋಡಿದರು. ಅವಳು ಕೈಚೀಲದಿಂದ ಮುದ್ರಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

“ನಮ್ಮ ಬೀದೀಲಿ ಎಲ್ಲರ ಬಾಗಿಲಿಗೂ ಇದನ್ನ ಹಾಕಿದಾರೆ. ನಿಮ್ಮ ತಮ್ಮ ಬರ್ದಿದ್ದು ತಾನೇ, ನೀವೇ ಹೇಳಿ ಅಂತ ಎಲ್ಲ ನನ್ನ ಹತ್ರ ತಂದ್ರು. ಏನಿದೆ ಇದರಲ್ಲಿ?”

ಬರೆದದ್ದು ಅವನೇ. ಓದಿದ. ‘ಸಾರ್ವಜನಿಕ ಜಲವಿತರಣಾಜಾಲದ ಪುನರುಜ್ಜೀವನ ಕಾಮಗಾರಿಯ ಪ್ರಯುಕ್ತ ಮಂಗಳವಾಸರದಂದು ಪ್ರಾತಃಕಾಲದಿಂದ ಸಾಯಂಕಾಲಪರ್ಯಂತ ಗೃಹಬಳಕೆಯ ಜಲಪೂರೈಕೆಯಲ್ಲಿ ತಾತ್ಕಾಲಿಕ ವ್ಯತ್ಯಯ ಸಂಭವನೀಯವಾಗಿದ್ದು ನಾಗರಿಕರು ಪೂರ್ವಸಂಗ್ರಹಣಾಕ್ರಮಗಳನ್ನು ಅನುಸರಿಸತಕ್ಕದ್ದು.’

ತುದಿ ಮುಟ್ಟುವಷ್ಟರಲ್ಲಿ ಮೊದಲು ಮರೆತಿತ್ತು. ಮತ್ತೆ ಓದಿದ. ಮೂರನೆಯ ಸಲ ಬೆರಳಿಟ್ಟು ಓದಿದ.

“ಮಂಗಳವಾರ ನೀರು ಬರಲ್ಲ. ಹಿಡಿದಿಟ್ಕೊಳ್ಳಿ,” ಎಂದ.

“ಅಷ್ಟೇನಾ?”

“ಅಷ್ಟೇ.”

ಅಕ್ಕ ಹಾಳೆಯನ್ನು ತಿರುವಿ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದಳು. ಹಿಂದೆ ಖಾಲಿ.

“ಯಾವ ಮಂಗಳವಾರ?”

ರೈಲಪ್ಪ ಹಾಳೆಯನ್ನು ಎಳೆದುಕೊಂಡ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದ. ಇಷ್ಟೆಲ್ಲ ಅಕ್ಷರಗಳ ನಡುವೆ ತಾರೀಖು ಎಲ್ಲಿಯೂ ಇರಲಿಲ್ಲ. ಆವತ್ತು ಸೋಮವಾರ. ನೋಟೀಸು ನಾಲ್ಕು ಸಾವಿರ ಮನೆಗಳಿಗೆ ಹೋಗಿತ್ತು.

ಅಕ್ಕ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಅದರ ಮೇಲೆ ತಾನೇ ಕೂತು, “ಕೇಳು ಯಾರನ್ನಾದ್ರೂ,” ಎಂದಳು. “ನಾನು ಕೂತಿರ್ತೀನಿ.”

ಅವನು ನೀರಿನ ವಿಭಾಗಕ್ಕೆ ಫೋನು ಮಾಡಿದ.